ಪಂಕ್ತಿಯಲ್ಲಿ ಕೂತ ಅಜ್ಜಯ್ಯ

ಹಳೆಯ ಕಾಲದ ಕ್ರಿಸ್‌ಮಸ್ ಬಲ್ಬುಗಳನ್ನು ಕೂಡಿಡುವವರದೂ ಒಂದು ಕುಲ. ದೇಶದೇಶಗಳಲ್ಲಿ ಚದುರಿರುವ ನಾವು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಫೋನಿನ ಒಂದು ಗುಂಪಿನಲ್ಲಿ ಸೇರಿ, ಈ ಹೋಲ್ಡರ್ ಎಲ್ಲಿಯದು, ಈ ಗಾಜಿನ ಹಣ್ಣಿಗೆ ಬಣ್ಣ ಬಳಿದವರು ಯಾರು ಎಂದು ಹಗಲೆಲ್ಲ ತಲೆ ಕೆಡಿಸಿಕೊಳ್ಳುತ್ತೇವೆ. ನನ್ನ ಮಕ್ಕಳು ಇದಕ್ಕೆ ಹುಚ್ಚು ಎನ್ನುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಹೋದ ವಾರ ಆ ಗುಂಪಿನಲ್ಲಿ ನನ್ನ ಬಳಿಯಿರುವ ಒಂದು ಸರದ ಫೋಟೋ ಹಾಕಿದ್ದೆ. ಸರದ ನಡುವೆ ಹೆಬ್ಬೆಟ್ಟಿಗಿಂತ ಸ್ವಲ್ಪ ದೊಡ್ಡ ಗಾಜಿನ ಮುದುಕನೊಬ್ಬನಿದ್ದಾನೆ: ಬಿಳಿ ಗಡ್ಡ, ಕೆಂಪು ನಿಲುವಂಗಿ, ಹೆಗಲ ಮೇಲೆ ಚೀಲ. ದೂರದೇಶದ ಹಿರಿಯ ಸಂಗ್ರಾಹಕರೊಬ್ಬರು ಕೂಡಲೇ ಬರೆದರು. ಇಂಥ ಮುದುಕರು ತಮ್ಮಲ್ಲಿ ಬೇಕಾದಷ್ಟಿದ್ದಾರೆ, ಆದರೆ ಹಣೆಯ ಮೇಲೆ ಮೂರು ಬೂದು ಗೆರೆ ಇರುವವನನ್ನು ನೋಡುತ್ತಿರುವುದು ಇದೇ ಮೊದಲು, ಇದು ಯಾವ ಕಾರ್ಖಾನೆಯ ಗುರುತು? ಉಳಿದ ಸರ ನಿಮಗೇ ಇರಲಿ, ಇವನೊಬ್ಬನನ್ನು ಬಿಚ್ಚಿ ನನಗೆ ಕೊಡುವಿರಾ? ಓದಿ ನಕ್ಕೆ. ನಗುತ್ತ ನಗುತ್ತ ಕಣ್ಣು ತುಂಬಿ ಬಂದು ಫೋನನ್ನು ಕೆಳಗಿಟ್ಟೆ. ಆ ಗೆರೆಗಳನ್ನು ಎಳೆದವಳು ನನ್ನ ಅಜ್ಜಿ ಗೌರಮ್ಮ. ಎಳೆದದ್ದು ಹೊಸದುರ್ಗದ ನಮ್ಮ ಮನೆಯ ದೇವರ ಕೋಣೆಯಲ್ಲಿ.

ಊರಲ್ಲಿ ನಮ್ಮ ಮನೆಗೆ ಸೀರಿಯಲ್‌ಸೆಟ್ ಮನೆ ಎಂದೇ ಹೆಸರು. ಅಪ್ಪ ಶಿವಣ್ಣ ಮದುವೆ ಮನೆಗಳಿಗೆ, ಗೃಹಪ್ರವೇಶಗಳಿಗೆ, ಗಣಪತಿ ಕೂರಿಸುವ ಹುಡುಗರಿಗೆ ದೀಪದ ಸರ ಕಟ್ಟಿಕೊಡುತ್ತಿದ್ದ. ಬಸ್‌ಸ್ಟ್ಯಾಂಡ್ ಪಕ್ಕದ ಅವನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಹಾಗಾಗಿ ಅಂಗಡಿಯ ಮುಕ್ಕಾಲು ಪಾಲು ನಮ್ಮ ಪಡಸಾಲೆಯಲ್ಲೇ ಇತ್ತು. ಬೇರೆಯವರ ಮನೆಯ ಗೋಡೆಯ ಮೊಳೆಗಳಲ್ಲಿ ಕ್ಯಾಲೆಂಡರ್ ತೂಗುತ್ತಿದ್ದರೆ ನಮ್ಮ ಮನೆಯಲ್ಲಿ ವೈರಿನ ಸುರುಳಿ ತೂಗುತ್ತಿತ್ತು. ಅಮ್ಮ ಅಕ್ಕಿ ಆರಿಸುವಾಗ ಕಲ್ಲಿನ ಜೊತೆ ತಾಮ್ರದ ಎಳೆಯನ್ನೂ ಆರಿಸುತ್ತಿದ್ದಳು. ಬೇರೆ ಮನೆಗಳಲ್ಲಿ ಊಟದಲ್ಲಿ ಕೂದಲು ಸಿಗುತ್ತದೆ, ನಮ್ಮನೆಯಲ್ಲಿ ವೈರು ಸಿಗುತ್ತದೆ ಎಂದು ಬಂದವರೆದುರು ಅವಳೇ ಹೇಳಿ ನಗುತ್ತಿದ್ದಳು. ಊಟಕ್ಕೆ ಎಲ್ಲರೂ ಆ ವೈರುಗಳ ನಡುವೆಯೇ ಜಾಗ ಮಾಡಿಕೊಂಡು ಒಂದೇ ಸಾಲಿಗೆ ಕೂರಬೇಕು, ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳಬಾರದು. ಅದು ಅಜ್ಜಿಯ ಕಟ್ಟಳೆ. ಗಿರಾಕಿ ಬಂದರೆಂದು ಅಪ್ಪ ಅರ್ಧಕ್ಕೇ ಎದ್ದರೆ ಅಜ್ಜಿ, ಪಂಕ್ತಿ ಮುರಿದವನ ಮನೆಯಲ್ಲಿ ಅನ್ನಕ್ಕೂ ಬೇಜಾರಾಗ್ತದೆ ಎಂದು ಗೊಣಗುತ್ತಿದ್ದಳು. ಅಪ್ಪ ಎಂಜಲು ಕೈಯಲ್ಲೇ ಮತ್ತೆ ಕೂರುತ್ತಿದ್ದ. ಅಡಿಗೆಮನೆಯ ಪಕ್ಕದ ದೇವರ ಕೋಣೆ ಮಾತ್ರ ಪೂರ್ತಿ ಅವಳ ರಾಜ್ಯ. ಊರಿಗೆಲ್ಲ ಬೆಳಕು ಹಂಚುವ ಅಪ್ಪನಿಗೆ ಆ ಕೋಣೆಯಲ್ಲಿ ಒಂದು ಬಲ್ಬು ಹಾಕಲು ಅವಳು ಕೊನೆಯವರೆಗೂ ಬಿಡಲಿಲ್ಲ. ಅಲ್ಲಿ ಎಣ್ಣೆದೀಪ ಮಾತ್ರ ಉರಿಯುತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಹೊಳಲ್ಕೆರೆಯಿಂದ ಗ್ರೇಸಮ್ಮ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಗ್ರೇಸಮ್ಮ ಹೊಸದುರ್ಗದ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ನಿವೃತ್ತಿಯಾದ ಮೇಲೆ ಹೊಳಲ್ಕೆರೆಯ ತಮ್ಮ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಸುತ್ತಿನ ಹಳ್ಳಿಗಳ ಎಷ್ಟೋ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವರು, ನಾನೂ ಅವರಲ್ಲೊಬ್ಬಳು. ಪೆಟ್ಟಿಗೆಯಲ್ಲಿ ಅವರ ತಾಯಿಯ ಕಾಲದ ದೀಪದ ಸರವಿತ್ತು. ತಾಯಿ ಯಾರೋ ವಿಲಾಯಿತಿ ಡಾಕ್ಟರಮ್ಮನ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದರಂತೆ. ಡಾಕ್ಟರಮ್ಮ ತಮ್ಮ ದೇಶಕ್ಕೆ ಮರಳುವಾಗ ಇದನ್ನು ಅವರ ಕೈಯಲ್ಲಿಟ್ಟು ಹೋದರಂತೆ. ಗ್ರೇಸಮ್ಮನ ಬಾಲ್ಯದ ಕ್ರಿಸ್‌ಮಸ್ ಎಂದರೆ ಈ ಸರ ಹತ್ತುವುದು. ಅದು ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಈಗ ಅವರ ಕಣ್ಣಿನ ನರ ಸೋಲುತ್ತಿತ್ತು. ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ, ಬರುವ ವರ್ಷಕ್ಕೆ ಎಷ್ಟು ಕಾಣುತ್ತದೋ ಹೇಳಲಾಗದು ಎಂದು ದಾವಣಗೆರೆಯ ಡಾಕ್ಟರು ಹೇಳಿಬಿಟ್ಟಿದ್ದರು.

“ಈ ಹಬ್ಬಕ್ಕೆ ಒಂದ್ಸಲ ಹತ್ತಿಸಿಕೊಡು ಶಿವಣ್ಣ. ನೋಡ್ಕಂಡ್ಬಿಡ್ತೀನಿ.”

ಅಪ್ಪ ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಪೆಟ್ಟಿಗೆಯನ್ನು ಮನೆಗೆ ತಂದು, ಪಡಸಾಲೆಯಲ್ಲಿ ಮೊರ ಇಟ್ಟು, ಅದರಲ್ಲಿ ಹಳೆಯ ಸೀರೆ ಹಾಸಿ ಬಲ್ಬುಗಳನ್ನು ಒಂದೊಂದಾಗಿ ಬಿಚ್ಚಿಟ್ಟ. ನಮ್ಮ ಮನೆಯಲ್ಲಿ ಸಾವಿರಗಟ್ಟಲೆ ಬಲ್ಬುಗಳಿದ್ದರೂ ಅಂಥವನ್ನು ನಾನು ಕಂಡಿರಲಿಲ್ಲ. ಹಾಲುಬಣ್ಣದ ಗಾಜಿನಲ್ಲಿ ಗಂಟೆ, ಗಿಣಿ, ಲಾಟೀನು, ದ್ರಾಕ್ಷಿ ಗೊಂಚಲು. ಮೇಲೆ ಕೈಯಲ್ಲಿ ಬಳಿದ ಬಣ್ಣ, ಅಲ್ಲಲ್ಲಿ ಉದುರಿದ್ದು. ಬಟ್ಟೆ ಸುತ್ತಿದ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು, ಅದನ್ನು ಪೂರ್ತಿ ಬದಲಿಸಬೇಕಾಗಿತ್ತು. ಅಪ್ಪ ಒಂದು ಬ್ಯಾಟರಿ ಇಟ್ಟುಕೊಂಡು ಒಂದೊಂದೇ ಬಲ್ಬು ಮುಟ್ಟಿಸುತ್ತ ಹೋದ. ಗಿಣಿ ಹತ್ತಿತು, ಗಂಟೆ ಹತ್ತಿತು, ನಾನು ಪ್ರತಿಸಲವೂ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಯಾವುದೋ ಮದುವೆ ಮನೆಯಲ್ಲಿ ಕರೆಂಟು ಹೋಯಿತೆಂದು ಕರೆ ಬಂತು. ಅಪ್ಪ ಮೊರವನ್ನು ಹಾಗೇ ಬಿಟ್ಟು ಎದ್ದು ಹೋದ. ಹಿತ್ತಲಿನಿಂದ ಒಳಗೆ ಬಂದ ಅಜ್ಜಿ ಮೊರದ ಹತ್ತಿರ ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಳು. ಆಮೇಲೆ ಬಲ್ಬುಗಳ ನಡುವೆ ಮಲಗಿದ್ದ ಆ ಗಾಜಿನ ಮುದುಕನನ್ನು ಸೆರಗಿನ ತುದಿಯಿಂದ ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು.

“ಅಜ್ಜಯ್ಯ.”

ಅಜ್ಜಯ್ಯನ ಕಥೆ ನಮಗೆಲ್ಲ ಬಾಯಿಪಾಠ. ಅಜ್ಜಿಯ ತವರೂರಿನ ಮಠದಲ್ಲಿ ಇದ್ದವರು ಅವರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಬಂದು ಭಿಕ್ಷೆ ಎತ್ತುತ್ತಿದ್ದರು. ದೊಡ್ಡವರಿಂದ ಪಡೆದ ಕಾಳನ್ನು ಮಠಕ್ಕೆ ಒಯ್ದು, ಅದೇ ಜೋಳಿಗೆಯಿಂದ ಮಕ್ಕಳಿಗೆ ಕೊಬ್ಬರಿ ಬೆಲ್ಲ ತೆಗೆದು ಕೊಡುತ್ತಿದ್ದರು. ತಾಯಿಯಿಲ್ಲದ ಹುಡುಗಿಯಾಗಿದ್ದ ಅಜ್ಜಿಗೆ ಒಂದು ಚೂರು ಹೆಚ್ಚು. ಅವರು ಲಿಂಗೈಕ್ಯರಾಗಿ ಬಹಳ ಕಾಲವಾಗಿತ್ತು. ಅವರ ಒಂದು ಪಟ ಕೂಡ ಯಾರ ಹತ್ತಿರವೂ ಇರಲಿಲ್ಲ. ಎಲ್ಲ ಸ್ವಾಮಿಗಳ ಪಟ ಅಂಗಡಿಯಲ್ಲಿ ಸಿಗುತ್ತದೆ, ನಮ್ಮ ಅಜ್ಜಯ್ಯನದು ಮಾತ್ರ ಸಿಗುವುದಿಲ್ಲ, ಮುಖ ಮರೆತುಹೋಗುತ್ತಿದೆ ಎಂದು ಅಜ್ಜಿ ಹಬ್ಬಹಬ್ಬಕ್ಕೂ ಕೊರಗುತ್ತಿದ್ದಳು. ಈಗ ನೋಡಿದರೆ ಮೊರದಲ್ಲಿ ಅದೇ ಬಿಳಿ ಗಡ್ಡ, ಹೆಗಲಲ್ಲಿ ಅದೇ ಜೋಳಿಗೆ, ಕೆಂಪು ಮಾಸಿ ಕಾವಿಯಾದ ಅದೇ ನಿಲುವಂಗಿ. ಅಪ್ಪ ಮನೆಗೆ ಬರುವಷ್ಟರಲ್ಲಿ ಅಜ್ಜಯ್ಯ ದೇವರ ಜಗುಲಿಯ ಮೇಲೆ ಸಣ್ಣ ಬಟ್ಟಲಿನ ಅಕ್ಕಿಯಲ್ಲಿ ಕೂತಾಗಿತ್ತು. ಅಡಿಯಿಂದ ಮುಡಿಯವರೆಗೆ ವಿಭೂತಿ, ಹಣೆಗೆ ಮೂರು ಗೆರೆ, ಮುಂದೆ ಕೊಬ್ಬರಿ ಬೆಲ್ಲ. ಓಣಿಯ ಹೆಂಗಸರು ಕಾಯಿ ಹಿಡಿದುಕೊಂಡು ಬಂದು ಕೈಮುಗಿದು ಹೋಗಿದ್ದರು.

ಅಪ್ಪ ಅಂಗಿಯನ್ನೂ ಬಿಚ್ಚದೆ ದೇವರ ಕೋಣೆಯ ಹೊಸ್ತಿಲಲ್ಲಿ ಕೂತ. ಚರ್ಚಿನವರ ಮನೆಗಳಿಗೆ ನಕ್ಷತ್ರ ಕಟ್ಟಿದವನಾದ್ದರಿಂದ ಅವನಿಗೆ ಈ ಮುದುಕನ ಗುರುತಿತ್ತು.

“ಅವ್ವ, ಇದು ಅಜ್ಜಯ್ಯ ಅಲ್ಲ. ಕ್ರಿಸ್‌ಮಸ್ ತಾತ ಅಂತಾರೆ ಇವನಿಗೆ.”

“ತಾತ ಅಂದ್ರೂ ಅಜ್ಜ ಅಂದ್ರೂ ಒಂದೇ ಅಲ್ವೇನಪ್ಪ?”

ಕ್ರಿಸ್‌ಮಸ್ ತಾತ ಮಕ್ಕಳಿಗೆ ಉಡುಗೊರೆ ಹಂಚುವವನು ಎಂದು ಅಪ್ಪ ವಿವರಿಸಲು ಹೋದ; ಅಜ್ಜಯ್ಯ ಇನ್ನೇನು ಮಾಡುತ್ತಿದ್ದರು ಎಂದು ಅಜ್ಜಿ ಕೇಳಿದಳು. ಚಳಿದೇಶದವನು ಎಂದ, ಮಠದಲ್ಲೂ ಚಳಿಯಿತ್ತು ಎಂದಳು. ಸೋತು ಕೊನೆಗೆ ಅಪ್ಪ ತನ್ನ ಕಸುಬಿನ ಮಾತಿಗೆ ಬಂದ.

“ಸೀರಿಯಲ್ ಸೆಟ್ ಅಂದ್ರೆ ನಿನ್ನ ಪಂಕ್ತಿ ಇದ್ದಂಗೆ ಅವ್ವ. ಒಬ್ಬ ಎದ್ದು ಹೋದ್ರೆ ಉಳಿದವ್ರೆಲ್ಲ ಕತ್ತಲಾಗೆ ಕೂರ್ತಾರೆ.”

ಅಜ್ಜಿ ದೀಪಕ್ಕೆ ಎಣ್ಣೆ ಹಾಕಿ ಹೊರಗೆ ಬಂದಳು. ಬೇರೊಂದು ಬಲ್ಬು ಹಾಕಿದರಾಯಿತು ಎಂದು ನಾನು ಜಾಣತನ ತೋರಿಸಿದೆ. ಮುಂದಿನ ದಿನಗಳಲ್ಲಿ ಅಪ್ಪ ಅದನ್ನೂ ಮಾಡಿ ನೋಡಿದ. ಆ ಅಳತೆಯ ತಿರುಪು ಊರಲ್ಲಿಲ್ಲ, ಚಿತ್ರದುರ್ಗದಲ್ಲೂ ಸಿಗಲಿಲ್ಲ. ಟಾರ್ಚಿನ ಬಲ್ಬು ವೈರಿಗೆ ಕಟ್ಟಿ ಹಾಕಿದರೆ ಪಟ್ ಎಂದು ಸುಟ್ಟುಹೋಯಿತು. ಖಾಲಿ ಜಾಗವನ್ನು ತಂತಿಯಿಂದ ಕೂಡಿಸಿಬಿಡಬಹುದಿತ್ತು, ಆದರೆ ಆಗ ಅಜ್ಜಯ್ಯನ ಪಾಲಿನ ಕರೆಂಟಿನ ಹೊರೆಯನ್ನೂ ಉಳಿದವು ಹೊರಬೇಕು. ಅಷ್ಟು ಹಳೆಯ ತಂತುಗಳು ತಡೆಯದೆ ಒಂದು ಸುಟ್ಟರೆ ಇಡೀ ಸರದ ಕಥೆ ಮುಗಿಯಿತು. ಗ್ರೇಸಮ್ಮನ ತಾಯಿಯ ವಸ್ತುವಿನ ಮೇಲೆ ಆ ಜೂಜಾಡಲು ಅಪ್ಪ ಸಿದ್ಧನಿರಲಿಲ್ಲ. ಅಡಿಗೆಮನೆಯಲ್ಲಿ ಅಪ್ಪ ಅಮ್ಮ ಪಿಸುಗುಡುತ್ತ ಜಗಳವಾಡಿದರು. ಅವ್ವ ಹಿತ್ತಲಿಗೆ ಹೋದಾಗ ಎತ್ತಿಕೊಂಡು ಬಿಡುತ್ತೇನೆ ಎಂದ ಅಪ್ಪ. ಅಮ್ಮ ಒಲೆಯ ಮುಂದಿನಿಂದ ತಿರುಗಿ, ಜಗುಲಿಯಿಂದ ಕದ್ದ ದೀಪ ಹತ್ತಿಸಿ ಗ್ರೇಸಮ್ಮನಿಗೆ ಹಬ್ಬ ಮಾಡಿಸುತ್ತೀರಾ ಎಂದು ಕೇಳಿದಳು. ಅಪ್ಪ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೋ ಎರಡೂ ಕಡೆ ಇದ್ದೆ. ಸಂಜೆ ಎಣ್ಣೆದೀಪದ ಬೆಳಕಿನಲ್ಲಿ ಅಜ್ಜಯ್ಯನ ಗಡ್ಡದ ಬಣ್ಣ ಕಿತ್ತ ಜಾಗದಿಂದ ಒಳಗೆ ಇಣುಕಿ, ಕೂದಲಿಗಿಂತ ತೆಳ್ಳಗಿನ ತಂತು ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಅವರು ಜಗುಲಿಯಲ್ಲೂ ಇರಬೇಕು, ಸರದಲ್ಲೂ ಹತ್ತಬೇಕು ಎಂಬುದು ನನ್ನ ಆಸೆಯಾಗಿತ್ತು.

ಹಬ್ಬ ಹತ್ತಿರ ಬಂದಾಗ ಗ್ರೇಸಮ್ಮ ಬಸ್ಸಿಳಿದು ನೇರ ಮನೆಗೇ ಬಂದರು. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿದರು. ಬರ್ರಿ ನರ್ಸಮ್ಮ, ಕುಂತ್ಕಳ್ರಿ ಎಂದು ಅಜ್ಜಿ ಚಾಪೆ ಹಾಸಿದಳು. ಅಪ್ಪ ಹೊಸ ವೈರಿಗೆ ಕೂರಿಸಿದ ಸರವನ್ನು ತಂದು ಅವರ ಮಡಿಲಲ್ಲಿಟ್ಟು, ತಲೆ ತಗ್ಗಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಗ್ರೇಸಮ್ಮ ಬೆರಳಿನಿಂದ ಖಾಲಿ ಹೋಲ್ಡರನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಭುಜ ಹಿಡಿದುಕೊಂಡು ದೇವರ ಕೋಣೆಗೆ ಬಂದು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ಜಗುಲಿಯನ್ನು ನೋಡಿದರು. ಗಡ್ಡ, ಜೋಳಿಗೆ, ಮೂರು ಗೆರೆ, ಕೊಬ್ಬರಿ ಬೆಲ್ಲ. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. ಅಜ್ಜಿಯ ಮುಖದಲ್ಲಿ ಒಂದು ಹೆದರಿಕೆ ಇತ್ತು. ಅವಳನ್ನು ಹಾಗೆ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ವಸ್ತು ಗ್ರೇಸಮ್ಮನದು, ಕೊಡು ಎಂದರೆ ಕೊಡಲೇಬೇಕು. ಇದು ನಿಮ್ಮ ಅಜ್ಜಯ್ಯ ಅಲ್ಲ ಎಂದು ಆ ಬಾಯಿಂದ ಬಂದರೆ ಅದಕ್ಕೆ ಎದುರಾಡುವ ಹಾಗೂ ಇರಲಿಲ್ಲ. ಗ್ರೇಸಮ್ಮ ನಿಧಾನವಾಗಿ ನೆಟ್ಟಗೆ ನಿಂತರು.

“ಗೌರಮ್ಮಾರೆ, ಹಬ್ಬದ ದಿನ ಅಜ್ಜಯ್ಯ ನಮ್ಮನೆಗೆ ಬಿನ್ನಹಕ್ಕೆ ಬರ್ಬೇಕು. ನೀವೇ ಕರ್ಕಂಡ್ ಬರ್ರಿ.”

ಮಠದ ಸ್ವಾಮಿಗಳನ್ನು ಭಕ್ತರು ಮನೆಗೆ ಊಟಕ್ಕೆ ಕರೆಯುವುದಕ್ಕೆ ನಮ್ಮಲ್ಲಿ ಬಿನ್ನಹ ಎನ್ನುತ್ತಾರೆ. ಕರೆದವರ ಮನೆ ಯಾವುದು ಎಂದು ಅಜ್ಜಯ್ಯ ಎಂದೂ ಕೇಳುತ್ತಿರಲಿಲ್ಲ ಎಂಬುದು ಅಜ್ಜಿಯದೇ ಕಥೆ. ಅವಳಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲವೆಂದು ಕಾಣುತ್ತದೆ. ಮುಖ ಒಂದೇ ಸಲಕ್ಕೆ ಅರಳಿತು. ಆದರೂ ಅವತ್ತು ಅಡಿಗೆ ಏನು ಎಂದು ವಿಚಾರಿಸಿದಳು. ಹೋಳಿಗೆ ಎಂದರು ಗ್ರೇಸಮ್ಮ. ಕೇಕಿಗೆ ಮೊಟ್ಟೆ ಹಾಕುತ್ತಾರಂತಲ್ಲ ಎಂದಳು. ಕೇಕನ್ನು ಮಾರನೆಯ ದಿನ ತಿಂದರಾಯಿತು ಬಿಡಿ ಎಂದು ಗ್ರೇಸಮ್ಮ ನಕ್ಕರು. ಆವತ್ತು ಇಬ್ಬರೂ ಕೂತು ಬಹಳ ಹೊತ್ತು ಮಾತಾಡಿದರು, ನಾನು ಹುಟ್ಟಿದ ರಾತ್ರಿಯ ಮಳೆಯನ್ನೂ ನೆನೆಸಿಕೊಂಡರು.

ಹಬ್ಬದ ದಿನ ಅಂಗಡಿ ಮುಚ್ಚಿ ನಾವೆಲ್ಲ ಹೊಳಲ್ಕೆರೆಯ ಬಸ್ಸು ಹತ್ತಿದೆವು. ಅಜ್ಜಯ್ಯ ಸ್ಟೀಲ್ ಡಬ್ಬಿಯ ಅಕ್ಕಿಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಅಜ್ಜಿಯ ಮಡಿಲಲ್ಲಿದ್ದರು. ರಸ್ತೆಯ ಪ್ರತಿ ಗುಂಡಿಗೂ ಅಜ್ಜಿ ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತುತ್ತಿದ್ದಳು. ಅದರಲ್ಲೇನಿದೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಹಿರಿಯರು ಎಂದಳು, ಪಾಪ ಅವನು ಅಸ್ಥಿ ಎಂದುಕೊಂಡು ಕೈಮುಗಿದು ಮುಂದೆ ಹೋದ. ಗ್ರೇಸಮ್ಮನ ಮನೆಯಲ್ಲಿ ಸರ್ವೆ ಮರದ ಒಂದು ಕೊಂಬೆಯನ್ನು ಮಣ್ಣು ತುಂಬಿದ ಡಬ್ಬದಲ್ಲಿ ನಿಲ್ಲಿಸಿದ್ದರು. ಅಪ್ಪ ಅದಕ್ಕೆ ಸರ ಸುತ್ತಿ, ನಡುವಿನ ಹೋಲ್ಡರನ್ನು ಖಾಲಿ ಬಿಟ್ಟು ಸರಿದು ನಿಂತ. ಅಜ್ಜಿ ಕೈ ತೊಳೆದು ಬಂದು ಅಜ್ಜಯ್ಯನನ್ನು ತಾನೇ ಬಲಕ್ಕೆ ತಿರುಗಿಸಿ ಕೂರಿಸಿದಳು. ಗ್ರೇಸಮ್ಮ ಎಲೆ ಹಾಕಿ, ಹೋಳಿಗೆ ಬಡಿಸಿ, ತುಪ್ಪ ಹಾಕಿದರು. ಅಪ್ಪ ಸ್ವಿಚ್ ಒತ್ತಿದ. ಏನೂ ಹತ್ತಲಿಲ್ಲ.

ಅಪ್ಪನ ಮುಖ ಬಿಳಿಚಿಕೊಂಡಿತು. ಅಜ್ಜಯ್ಯನೊಬ್ಬನನ್ನು ಅವನು ಬ್ಯಾಟರಿಗೆ ಮುಟ್ಟಿಸಿ ನೋಡಿರಲಿಲ್ಲ. ನೋಡುವ ಮೊದಲೇ ಜಗುಲಿ ಹತ್ತಿದ್ದರಲ್ಲ. ಆ ತಂತು ಎಂದೋ ಸುಟ್ಟಿದ್ದರೆ ಇನ್ನು ಮಾಡುವುದೇನೂ ಇರಲಿಲ್ಲ. ಕತ್ತಲ ಕೊಂಬೆಯ ಮುಂದೆ ಗ್ರೇಸಮ್ಮ ಕೈಕಟ್ಟಿ ಕೂತೇ ಇದ್ದರು. ಅಪ್ಪ ಸ್ವಿಚ್ ಆರಿಸಿ, ಅಜ್ಜಯ್ಯನನ್ನು ಬಿಚ್ಚಿ ತಿರುಗಿಸಿ ನೋಡಿದ. ಬುಡದ ಹಿತ್ತಾಳೆಯ ತಿರುಪಿನ ತುಂಬ, ಕರೆಂಟು ಮುಟ್ಟಬೇಕಾದ ಚುಕ್ಕೆಯ ಮೇಲೂ, ವಿಭೂತಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಒರೆಸಬೇಕು ಎಂದ. ಅಜ್ಜಿ ಕೊಡಲಿಲ್ಲ. ಹಚ್ಚಿದ ವಿಭೂತಿಯನ್ನು ಅಳಿಸುವುದೆಂದರೆ ಅವಳಿಗೆ ಜೀವ ಹೋದಷ್ಟು ಸಂಕಟ.

“ಹಣೇದು ಇರ್ಲಿ ಅವ್ವ. ಪಾದದ್ದು ಒರೆಸು, ಸಾಕು.”

ಅಜ್ಜಿ ಸೆರಗು ತೆಗೆದುಕೊಂಡು, ದೂರದಿಂದ ನಡೆದು ಬಂದವರ ಕಾಲು ಒರೆಸುವಂತೆ, ತಿರುಪಿನ ಒಂದೊಂದು ಸುತ್ತನ್ನೂ ಒರೆಸಿದಳು. ಮತ್ತೆ ಕೂರಿಸಿದಳು. ಅಪ್ಪ ಸ್ವಿಚ್ ಒತ್ತಿದ. ಗಿಣಿ, ಗಂಟೆ, ಲಾಟೀನು, ದ್ರಾಕ್ಷಿ ಎಲ್ಲ ಒಟ್ಟಿಗೇ ಎದ್ದವು. ನಡುವೆ ಅಜ್ಜಯ್ಯ ಒಳಗಿನಿಂದ ಬೆಳಗಿದರು. ಬೆಳಕಿನ ಹಣೆಯ ಮೇಲೆ ಮೂರು ಗೆರೆ ಸ್ಪಷ್ಟವಾಗಿ ಕಪ್ಪಗೆ ಕಾಣುತ್ತಿದ್ದವು. ಗ್ರೇಸಮ್ಮ ಕೊಂಬೆಯ ಹತ್ತಿರ ಮುಖ ತಂದು, ಇದು ಗಿಣಿ, ಇದು ಗಂಟೆ, ಇದು ಅಮ್ಮ ಯಾವಾಗಲೂ ಕೆಳಗೆ ಕಟ್ಟುತ್ತಿದ್ದ ಲಾಟೀನು ಎಂದು ಒಂದೊಂದರ ಹೆಸರು ಹೇಳಿದರು. ಕಾಣುತ್ತಿದೆ, ಎಲ್ಲ ಕಾಣುತ್ತಿದೆ ಎಂದು ಅತ್ತರು. ಅಮ್ಮನೂ ಅತ್ತಳು. ಅಜ್ಜಿ ಮಾತ್ರ ಅಳಲಿಲ್ಲ. ಅಜ್ಜಯ್ಯನನ್ನೇ ನೋಡುತ್ತ, ಇಷ್ಟು ದಿನ ನಿಮ್ಮನ್ನ ಕತ್ತಲಾಗೆ ಕೂರಿಸಿಬಿಟ್ಟಿದ್ದೆನಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಊಟ ಮುಗಿಸಿ ಹೊರಡುವ ಹೊತ್ತಿಗೆ ಗ್ರೇಸಮ್ಮ ತಾವಾಗಿಯೇ ಅಜ್ಜಯ್ಯನನ್ನು ಬಿಚ್ಚಿಕೊಡಲು ಅಪ್ಪನಿಗೆ ಹೇಳಿದರು. ತಾವು ನೋಡಬೇಕಾದ್ದನ್ನು ನೋಡಿಯಾಯಿತು, ಇನ್ನು ಅವರು ಜಗುಲಿಗೇ ಹೋಗಲಿ ಎಂದರು. ಅಪ್ಪ ಕೈ ಚಾಚಿದ. ಅಜ್ಜಿ ಅವನ ಕೈ ತಡೆದಳು.

“ಬ್ಯಾಡ ಕಣಪ್ಪ. ಪಂಕ್ತಿಗೆ ಕುಂತವ್ರನ್ನ ಎಬ್ಬಿಸಬಾರದು. ಇಲ್ಲೇ ಇರ್ಲಿ.”

ಹಾಗೆ ಹೇಳಿ ತಿರುಗಿದವಳ ಕಣ್ಣು ಗೋಡೆಯ ಮೇಲಿದ್ದ ಒಂದು ಹಳೆಯ ಹಬ್ಬದ ಕಾರ್ಡಿನ ಮೇಲೆ ಬಿತ್ತು. ಅದರಲ್ಲಿ ಹಿಮದ ನಡುವೆ ಅದೇ ಮುದುಕ, ಗಡ್ಡ, ಚೀಲ, ಸುತ್ತ ಮಕ್ಕಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ನಿಮ್ಮನೇಲಿ ಅಜ್ಜಯ್ಯನ ಪಟನೇ ಐತಲ್ರಿ ನರ್ಸಮ್ಮ ಎಂದಳು ಅಜ್ಜಿ. ಗ್ರೇಸಮ್ಮ ಅದನ್ನು ಗೋಡೆಯಿಂದ ತೆಗೆದು, ತಮ್ಮ ಸೆರಗಿನಿಂದ ಧೂಳು ಒರೆಸಿ, ಎರಡೂ ಕೈಯಿಂದ ಅವಳಿಗೆ ಕೊಟ್ಟರು. ವಾಪಸು ಬರುವಾಗ ಅಜ್ಜಿಯ ಮಡಿಲಲ್ಲಿ ಪಟವಿತ್ತು. ಡಬ್ಬಿಯ ಅಕ್ಕಿಯನ್ನು ಮಾರನೆಯ ದಿನ ಅನ್ನ ಮಾಡಿ ನಮಗೆಲ್ಲ ಬಡಿಸಿದಳು. ಪಟಕ್ಕೆ ಅಪ್ಪ ಕಟ್ಟು ಹಾಕಿಸಿಕೊಟ್ಟ, ಅದು ಅವಳ ಕಡೆಯ ದಿನದವರೆಗೂ ಜಗುಲಿಯ ಮೇಲಿತ್ತು. ಪ್ರತಿ ಹಬ್ಬಕ್ಕೂ ಅವಳು ಹೊಳಲ್ಕೆರೆಗೆ ಹೋಗಿ ಬರುತ್ತಿದ್ದಳು. ಗ್ರೇಸಮ್ಮನಿಗೆ ಕಣ್ಣು ಪೂರ್ತಿ ಹೋದ ಮೇಲೆ, ಈಗ ಗಿಣಿ ಹತ್ತಿತು, ಈಗ ಅಜ್ಜಯ್ಯ ನಗುತ್ತಿದ್ದಾರೆ ಎಂದು ಪಕ್ಕದಲ್ಲಿ ಕೂತು ಹೇಳುವ ಕೆಲಸವೂ ಅವಳದೇ ಆಯಿತು.

ಗ್ರೇಸಮ್ಮ ಹೋದ ಮೇಲೆ ಸರ ನನ್ನ ಕೈಗೆ ಬಂತು. ಅದಕ್ಕೊಂದು ಬದಲಿ ಬಲ್ಬು ಹುಡುಕುತ್ತ ಚಿತ್ರದುರ್ಗ, ಹಿರಿಯೂರು, ದಾವಣಗೆರೆಯ ಗುಜರಿ ಅಂಗಡಿಗಳನ್ನು ಜಾಲಾಡತೊಡಗಿದವಳು ಹಾಗೆಯೇ ಈ ಹುಚ್ಚಿಗೆ ಬಿದ್ದೆ. ಈಗ ಗಾಜಿನ ಬಣ್ಣ ನೋಡಿ ಊರು ಹೇಳಬಲ್ಲೆ, ತಿರುಪು ನೋಡಿ ಕಾಲ ಅಂದಾಜು ಮಾಡಬಲ್ಲೆ. ಆದರೆ ಆ ದಿನ ಗೋಡೆಯ ಕಾರ್ಡನ್ನು ನೋಡಿದಾಗ ಅಜ್ಜಿಗೆ ಎಲ್ಲ ಅರ್ಥವಾಗಿತ್ತೋ ಇಲ್ಲವೋ ಎಂಬುದನ್ನು ಮಾತ್ರ ನನ್ನ ಯಾವ ಸಂಶೋಧನೆಯೂ ಹೇಳಲಾರದು. ಅರ್ಥವಾಗಿದ್ದರೂ ಅವಳು ಅದೇ ಮಾತು ಹೇಳುತ್ತಿದ್ದಳು ಎಂದು ನನ್ನ ನಂಬಿಕೆ.

ಇವತ್ತು ಬೆಳಿಗ್ಗೆ ಆ ಸಂಗ್ರಾಹಕರಿಗೆ ಉತ್ತರ ಬರೆದೆ. ಗೆರೆಗಳು ಹೊಸದುರ್ಗದವು, ಕೈಕೆಲಸ, ಇದೊಂದೇ ಇರುವುದು ಎಂದು ತಿಳಿಸಿದೆ. ಇವರನ್ನು ಯಾಕೆ ಕೊಡಲಾರೆ ಎಂದು ವಿವರಿಸಲು ಹೋಗಿ ಪಂಕ್ತಿ ಎಂಬುದಕ್ಕೆ ಅವರ ಭಾಷೆಯಲ್ಲಿ ಸರಿಯಾದ ಮಾತು ಸಿಗದೆ ಬಹಳ ಹೊತ್ತು ಕೂತೆ. ಕೊನೆಗೆ, ಕ್ಷಮಿಸಿ, ಅವರು ಊಟಕ್ಕೆ ಕೂತಿದ್ದಾರೆ, ಎಬ್ಬಿಸುವ ಹಾಗಿಲ್ಲ ಎಂದು ಬರೆದು ಕಳಿಸಿದೆ.